ವೈದ್ಯಗ್ರಂಥಭಂಡಾರವೂ ಗ್ರಾಮದ ವಾಚಕನೂ

ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದು 1931ರಲ್ಲಿ. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಿಂದ ಎತ್ತಿನ ಗಾಡಿಯೊಂದು ಪುಸ್ತಕಗಳನ್ನು ಹೇರಿಕೊಂಡು ಸುತ್ತಣ ಹಳ್ಳಿಗಳಿಗೆ ಹೊರಟಿತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನೆಯುವುದು ಯುಕ್ತ. ಪ್ರತಿಯೊಬ್ಬ ವಾಚಕನಿಗೂ ಅವನಿಗೆ ಸಲ್ಲತಕ್ಕ ಗ್ರಂಥವು ದೊರೆಯಬೇಕೆಂಬುದು ಸೂತ್ರಗಳಲ್ಲಿ ಎರಡನೆಯದರ ಅಭಿಪ್ರಾಯ. ಗಾಡಿಯು ಮಾಡಿದ್ದು ಅದನ್ನೇ. ಊರಮುಂದಿನ ಮರದ ನೆರಳಿನಲ್ಲಿ ಅದು ನಿಂತಾಗ ಪುಸ್ತಕ ಬೇಡಿ ಬಂದವನನ್ನು 'ನೀನು ಯಾವ ಸಂಸ್ಥೆಗೆ ಸೇರಿದವನು?' ಎಂದು ಯಾರೂ ಕೇಳಿರಲಾರರು. ಓದಲು ಬಲ್ಲವನಾಗಿದ್ದು, ಓದುವ ಬಯಕೆಯುಳ್ಳವನಾಗಿದ್ದರೆ ಸಾಕಾಗಿತ್ತು.

ಈಗ ಗ್ರಂಥವನ್ನು ಹೊರುವುದಕ್ಕೆ ಎತ್ತು ಬೇಕಾಗಿಲ್ಲ. ವೈದ್ಯಶಾಸ್ತ್ರದ ನಿಯತಕಾಲಿಕಗಳು ಬಹುಮಟ್ಟಿಗೆ ಡಿಜಿಟಲ್ ರೂಪವನ್ನು ತಾಳಿವೆ. ಲಂಡನ್ನಿನಲ್ಲಿ ಈ ಬೆಳಗ್ಗೆ ಪ್ರಕಟವಾದ ಲೇಖನವು ಈ ಬೆಳಗ್ಗೆಯೇ ತೀರ್ಥಹಳ್ಳಿಗೆ ಬರಬಲ್ಲುದು. ದೂರದ ಆಸ್ಪತ್ರೆಗಳಿಗೆ ಇಂತಹ ಭಂಡಾರಗಳನ್ನು ತೆರೆದಿಡುವ ಉದ್ದೇಶದಿಂದ ಹೊರಟ, ಅಥವಾ ಅಂತಹ ಆಸೆಯನ್ನು ಹುಟ್ಟಿಸಿದ, ಕೆಲವು ಯೋಜನೆಗಳನ್ನು ನಾವು ಇಲ್ಲಿ ವಿಮರ್ಶಿಸಲು ಉದ್ದೇಶಿಸಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ವಾಚಕರಿಗೆ ಅನುಕೂಲವಾದೀತು. ಈ ಯೋಜನೆಗಳು ಗ್ರಂಥವನ್ನು ಹಳ್ಳಿಯ ಹೊಸ್ತಿಲವರೆಗೆ ತಂದಿರುವುದು ನಿಜ. ಆದರೆ ವಾಚಕನೆಂದು ಅವು ಎಣಿಸುತ್ತಿರುವುದು ಸಂಸ್ಥೆಯನ್ನು, ಮನುಷ್ಯನನ್ನಲ್ಲ. ಗ್ರಾಮದ ವೈದ್ಯನು ಸಾಮಾನ್ಯವಾಗಿ ಅವರ ಪಟ್ಟಿಯ ಯಾವ ಸಂಸ್ಥೆಗೂ ಸೇರಿದವನಲ್ಲ. ದೋಷವಿರುವುದು ತಂತಿಯಲ್ಲಿ ಅಲ್ಲ, ಪಟ್ಟಿಯಲ್ಲಿ.

ತಂತಿಯ ವಿಷಯವಾಗಿ ಒಂದು ಮಾತು ಹೇಳಿ ಮುಂದುವರಿಯುತ್ತೇವೆ. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ಎಳೆಯ ಜಾಲವನ್ನು ಹಾಸುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಕೆಲಸವು ಎಲ್ಲ ಕಡೆಯೂ ಒಂದೇ ಸಮನಾಗಿ ನಡೆಯಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತೂ ಸಂಪರ್ಕವೂ ಒಟ್ಟಿಗೆ ಹೋಗುವುದು ಎಲ್ಲರೂ ಬಲ್ಲ ವಿಷಯ. ಆದರೂ ವೈದ್ಯನ ಜೇಬಿನಲ್ಲಿ ಮೊಬೈಲು ಬಂದ ಮೇಲೆ, ಸಂಪರ್ಕವಿಲ್ಲದ್ದೇ ಮುಖ್ಯ ಅಡ್ಡಿ ಎಂದು ಹೇಳುವುದು ಹಳೆಯ ಮಾತಾಯಿತು.

ಗ್ರಾಮದ ವೈದ್ಯನಿಗೆ ಈಗ ಏನೂ ದೊರೆಯುತ್ತಿಲ್ಲವೆಂದು ನಾವು ಹೇಳುವುದಿಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಗ್ರಂಥಾಲಯವು 1879ರಲ್ಲಿ ಆರಂಭವಾದ ಇಂಡೆಕ್ಸ್ ಮೆಡಿಕಸ್ ಎಂಬ ಸೂಚಿಯ ಪರಂಪರೆಯನ್ನು ಬೆಳೆಸಿಕೊಂಡು ಬಂದು, 1997ರಲ್ಲಿ ಪಬ್‌ಮೆಡ್ ಎಂಬ ಹೆಸರಿನಿಂದ ಅದನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆಯಿತು. ಗ್ರಂಥಸೂಚಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದಾನವನ್ನು ಕಾಣುವುದು ಕಷ್ಟ. 2000ದಲ್ಲಿ ಪಬ್‌ಮೆಡ್ ಸೆಂಟ್ರಲ್ ಪೂರ್ಣ ಲೇಖನಗಳನ್ನು ಕೂಡಿಡಲು ಆರಂಭಿಸಿತು. ನಮ್ಮ ದೇಶದ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯನ್ನು ಯಾರು ಬೇಕಾದರೂ ಹಣ ತೆರದೆ ಓದಬಹುದು. ಇವೆಲ್ಲ ಒಪ್ಪತಕ್ಕವೇ. ಆದರೆ ಸೂಚಿಯು ಗ್ರಂಥವಲ್ಲ. ಪಬ್‌ಮೆಡ್ಡಿನಲ್ಲಿ ಎಲ್ಲರಿಗೂ ದೊರೆಯುವುದು ಲೇಖನದ ಹೆಸರು ಮತ್ತು ಸಾರಾಂಶ. ಅಲ್ಲಿಂದ ಮುಂದೆ ಅನೇಕ ಕಡೆ ಪ್ರಕಾಶಕರ ಬಾಗಿಲು ಮುಚ್ಚಿರುತ್ತದೆ. ಏನೂ ದೊರೆಯದಿರುವುದಕ್ಕಿಂತ ಸಾರಾಂಶವಾದರೂ ದೊರೆಯುವುದು ಮೇಲಲ್ಲವೆ ಎಂದು ಕೆಲವರು ಕೇಳಬಹುದು. ಯಾವಾಗಲೂ ಮೇಲಲ್ಲ ಎಂಬುದು ನಮ್ಮ ಉತ್ತರ.

ಇದಕ್ಕೆ ಪ್ರಸಿದ್ಧವಾದ ಒಂದು ದೃಷ್ಟಾಂತವುಂಟು. ಅದನ್ನು ಪಿಎಲ್ಒಎಸ್ ಮೆಡಿಸಿನ್ ಪತ್ರಿಕೆಯು 2006ರ ಸಂಪಾದಕೀಯವೊಂದರಲ್ಲಿ ಪ್ರಕಟಿಸಿತು, ಹೇಳಿದವರು ಎಚ್.ಐ.ವಿ. ತಡೆಯ ಕಾರ್ಯದಲ್ಲಿ ತೊಡಗಿದ್ದ ಆರ್ಥರ್ ಅಮ್ಮನ್. ಆಫ್ರಿಕದ ದಕ್ಷಿಣ ಭಾಗದ ವೈದ್ಯರೊಬ್ಬರು ತಾಯಿಯಿಂದ ಶಿಶುವಿಗೆ ರೋಗಾಣು ದಾಟದಂತೆ ತಡೆಯುವ ಕಾರ್ಯಕ್ರಮವನ್ನು ನಡೆಸುತ್ತಿದ್ದರು. ಅವರಿಗೆ ಲಭ್ಯವಿದ್ದದ್ದು ಬಹುಮಟ್ಟಿಗೆ ಅಂತರಜಾಲದ ಸಾರಾಂಶಗಳು ಮಾತ್ರ. ಅಂತಹ ಒಂದೇ ಒಂದು ಸಾರಾಂಶವನ್ನು ನಂಬಿ ಅವರು ಫಲಕಾರಿಯಾಗಿದ್ದ ಚಿಕಿತ್ಸೆಯನ್ನು ಬಿಟ್ಟು ಅದಕ್ಕಿಂತ ದುರ್ಬಲವಾದದ್ದನ್ನು ಹಿಡಿದರು. ಪೂರ್ಣ ಲೇಖನವನ್ನು ಓದಿದ್ದರೆ, ಆ ಅಧ್ಯಯನದಲ್ಲಿ ರೋಗಿಗಳನ್ನು ಅಲ್ಪಕಾಲ ಮಾತ್ರ ಗಮನಿಸಲಾಗಿತ್ತು, ಮಾಹಿತಿ ಅಪೂರ್ಣವಾಗಿತ್ತು, ತಮ್ಮ ದೇಶದ ಸ್ಥಿತಿಗೆ ಅದು ಹೊಂದುವಂತಹುದಲ್ಲ ಎಂಬುದು ಅವರಿಗೆ ತಿಳಿಯುತ್ತಿತ್ತು. ಈ ತೀರ್ಮಾನದಿಂದ ಎಷ್ಟು ಶಿಶುಗಳಿಗೆ ಸೋಂಕು ತಗುಲಿತೋ ಯಾರೂ ಎಣಿಸಿದಂತಿಲ್ಲ. ವೈದ್ಯರು ಅಜಾಗರೂಕರಾಗಿದ್ದರೆಂದು ಹೇಳುವಂತಿಲ್ಲ. ಓದುವ ಅಭ್ಯಾಸವೇ ಇಲ್ಲದವರಾಗಿದ್ದರೆ ಅವರು ಹಳೆಯ ಚಿಕಿತ್ಸೆಯನ್ನೇ ಮುಂದುವರಿಸುತ್ತಿದ್ದರು. ಅರ್ಧ ತೆರೆದ ಗ್ರಂಥಾಲಯವು ಶ್ರದ್ಧಾವಂತನಾದ ವಾಚಕನನ್ನೇ ಹೆಚ್ಚಾಗಿ ದಾರಿತಪ್ಪಿಸುತ್ತದೆ ಎಂಬುದನ್ನು ಗ್ರಂಥಾಲಯಶಾಸ್ತ್ರಜ್ಞರು ಇನ್ನೂ ಗಂಭೀರವಾಗಿ ಪರಿಗಣಿಸಬೇಕಾಗಿದೆ.

ನಮ್ಮ ನಾಡಿನಲ್ಲಿಯೇ ಇದರ ಚಿಕ್ಕ ರೂಪವೊಂದನ್ನು ನಾವು ಕಂಡೆವು. ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದರ ವೈದ್ಯರು ಹಾವು ಕಚ್ಚಿದ ರೋಗಿಯ ವಿಷಯವನ್ನು ನಮಗೆ ಹೇಳುತ್ತಿದ್ದರು. ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಜಾತಿಗಳಿಗೆ ಮಾತ್ರ ಮದ್ದು. ಪಶ್ಚಿಮ ಘಟ್ಟದ ತೋಟಗಳಲ್ಲಿ, ಮೂಗಿನ ತುದಿ ಮೇಲಕ್ಕೆದ್ದಿರುವ ಒಂದು ಸಣ್ಣ ಗುಳಿಮಂಡಲವೂ ಉಂಟು. ಅದರ ವಿಷ ರಕ್ತವನ್ನು ಕೆಡಿಸಬಲ್ಲುದು, ಮೂತ್ರಪಿಂಡವನ್ನು ಹಾಳುಮಾಡಬಲ್ಲುದು. ಈ ಪ್ರತಿವಿಷವು ಅದಕ್ಕೆ ನಾಟುವುದಿಲ್ಲ. ಕೊಟ್ಟರೆ ಪ್ರಯೋಜನವಿಲ್ಲದೆ, ಮದ್ದಿನ ಪ್ರತಿಕ್ರಿಯೆಯ ಅಪಾಯವೊಂದೇ ಉಳಿಯುತ್ತದೆ. ರೋಗಿಯ ಬಂಧುಗಳು ಹಾವನ್ನು ಕೊಂದು ಚೀಲದಲ್ಲಿ ತಂದಿದ್ದರು. ವೈದ್ಯರು ಅದನ್ನು ಗುರುತಿಸಿದರು. ಮುಂದೇನು ಮಾಡಬೇಕೆಂದು ತಿಳಿಯಲು ಮೊಬೈಲಿನಲ್ಲಿ ಹುಡುಕಿದರು. ಸಾರಾಂಶ ಸಿಕ್ಕಿತು, ಮೂತ್ರಪಿಂಡ ಕೆಡುವುದುಂಟು ಎಂಬ ಎಚ್ಚರಿಕೆಯೂ ಸಿಕ್ಕಿತು. ಎಷ್ಟನೆಯ ದಿನ, ಯಾವ ಲಕ್ಷಣವನ್ನು ಕಂಡೊಡನೆ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು ಎಂಬ ವಿವರ ಒಳಗಿನ ಪುಟಗಳಲ್ಲಿತ್ತು. ಆ ಪುಟಗಳಿಗೆ ಡಾಲರಿನಲ್ಲಿ ಬೆಲೆ ನಮೂದಾಗಿತ್ತು. "ಮೊದಲ ಪುಟ ನಮಗೆ, ಉಳಿದದ್ದು ಕಾಲೇಜಿನವರಿಗೆ" ಎಂದು ಅವರು ನಕ್ಕರು. ಕೊನೆಗೆ ಮಂಗಳೂರಿನಲ್ಲಿದ್ದ ಸಹಪಾಠಿಯೊಬ್ಬರು ಲೇಖನವನ್ನು ವಾಟ್ಸಾಪಿನಲ್ಲಿ ಕಳುಹಿಸಿಕೊಟ್ಟರಂತೆ. ಇಂದು ಗ್ರಾಮದ ಆಸ್ಪತ್ರೆಗಳ ನಿಜವಾದ ವೈದ್ಯಗ್ರಂಥಾಲಯವೆಂದರೆ ಪಟ್ಟಣದಲ್ಲಿರುವ ಸಹಪಾಠಿಯೇ ಎಂದರೆ ತಪ್ಪಾಗಲಾರದು. ಸಹಪಾಠಿ ಇಲ್ಲದವರ ಗತಿಯನ್ನು ಹೇಳಬೇಕಾಗಿಲ್ಲವಷ್ಟೆ.

ಲೈಬೀರಿಯಾದ ಪ್ರಕರಣ ಇನ್ನೂ ದಾರುಣವಾದುದು. 2014ರಲ್ಲಿ ಎಬೋಲಾ ಅಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ರೋಗ ಆ ಭಾಗಕ್ಕೆ ಹೊಸದೆಂದು ಎಲ್ಲರೂ ನಂಬಿದ್ದರು. ಆದರೆ 1982ರಲ್ಲಿಯೇ ಜರ್ಮನಿಯ ಸಂಶೋಧಕರು ಲೈಬೀರಿಯಾದ ಜನರ ರಕ್ತದಲ್ಲಿ ಎಬೋಲಾದ ಪ್ರತಿಕಾಯಗಳನ್ನು ಕಂಡು, ಆ ದೇಶವನ್ನೂ ರೋಗದ ನೆಲೆಗಳಲ್ಲಿ ಸೇರಿಸಬೇಕೆಂದು ಫ್ರಾನ್ಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಬರೆದಿದ್ದರು. ಆ ದೇಶದ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಬರ್ನಿಸ್ ಡಾನ್ ಅವರು ಇಬ್ಬರು ಸಹೋದ್ಯೋಗಿಗಳೊಡನೆ 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಈ ಸಂಗತಿಯನ್ನು ಹೊರಗಿಟ್ಟರು. ಅಂತಹ ಒಂದು ಲೇಖನವನ್ನು ಇಳಿಸಿಕೊಳ್ಳಲು ಆಗ 45 ಡಾಲರು ಬೇಕಾಗಿತ್ತು. ಅದು ಅಲ್ಲಿಯ ವೈದ್ಯನ ಸುಮಾರು ಅರ್ಧ ವಾರದ ಸಂಬಳವಾಗಿತ್ತು. ಲೇಖನ ಮೊದಲೇ ಅವರ ಕೈಗೆ ಸಿಕ್ಕಿದ್ದರೆ ರೋಗ ಬರುತ್ತಲೇ ಇರಲಿಲ್ಲವೆಂದು ವಾದಿಸುವುದು ಅತಿಶಯೋಕ್ತಿ. ಆದರೆ ಒಂದು ದೇಶದ ರಕ್ತವನ್ನು ಪರೀಕ್ಷಿಸಿ ಬರೆದ ಮಾತು ಮೂವತ್ತೆರಡು ವರ್ಷ ಆ ದೇಶಕ್ಕೇ ತಲುಪದೆ ಹೋಯಿತೆಂಬುದು ನಿಸ್ಸಂದೇಹ.

ಈ ಅನ್ಯಾಯವನ್ನು ಸರಿಪಡಿಸಲೆಂದೇ ವಿಶ್ವ ಆರೋಗ್ಯ ಸಂಸ್ಥೆಯು ಆರು ಮಂದಿ ದೊಡ್ಡ ಪ್ರಕಾಶಕರೊಡನೆ ಒಪ್ಪಂದ ಮಾಡಿಕೊಂಡು 2002ರ ಜನವರಿಯಲ್ಲಿ ಹಿನಾರಿ ಎಂಬ ಯೋಜನೆಯನ್ನು ಆರಂಭಿಸಿತು. ಸುಮಾರು 1500 ಪತ್ರಿಕೆಗಳಿಂದ ಮೊದಲಾದ ಈ ಭಂಡಾರ ಮುಂದೆ ಬಹಳ ಹಿಗ್ಗಿತು. ತಲಾದಾಯ 1000 ಡಾಲರಿಗಿಂತ ಕಡಿಮೆಯಿದ್ದ ದೇಶಗಳ ಸಂಸ್ಥೆಗಳಿಗೆ ಉಚಿತ. 3000 ಡಾಲರಿನವರೆಗಿನ ದೇಶಗಳಿಗೆ ಅಲ್ಪ ಶುಲ್ಕ. ಆಫ್ರಿಕದ ವೈದ್ಯಕಾಲೇಜುಗಳಿಗೆ ಇದರಿಂದಾದ ಉಪಕಾರವನ್ನು ಅಲ್ಲಗಳೆಯಲು ಯಾರಿಂದಲೂ ಆಗದು. ಆದರೂ ವಿಮರ್ಶಕನು ಎರಡು ಸಂಗತಿಗಳನ್ನು ಗಮನಿಸದೆ ಇರಲಾರ. 2011ರ ಜನವರಿಯಲ್ಲಿ ಕೆಲವು ಪ್ರಕಾಶಕರು ಬಾಂಗ್ಲಾದೇಶಕ್ಕೆ ಕೊಡುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಪತ್ರಿಕೆಗಳನ್ನು ಒಮ್ಮೆಗೇ ಹಿಂದೆಗೆದುಕೊಂಡರು. ಅತಿಸಾರದಿಂದ ಸಾಯುವವರನ್ನು ಉಪ್ಪು ಸಕ್ಕರೆಯ ನೀರಿನಿಂದ ಉಳಿಸಬಹುದೆಂಬುದನ್ನು 1968ರ ಢಾಕಾದ ಪ್ರಯೋಗಗಳಿಂದ ಜಗತ್ತು ಕಲಿತದ್ದನ್ನು ನೆನೆದರೆ ಈ ವರ್ತನೆಯ ವೈಚಿತ್ರ್ಯ ಎದ್ದುಕಾಣುತ್ತದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ ಮತ್ತು ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಆಕ್ಷೇಪಣೆ ಎದ್ದ ಮೇಲೆ ಬಾಗಿಲು ಮತ್ತೆ ತೆರೆಯಿತು. ತೆರೆದದ್ದು ಸಂತೋಷ; ಆದರೆ ದಾನಿಯ ಮನಸ್ಸು ಬದಲಾದೊಡನೆ ಮಾಯವಾಗುವ ಕಪಾಟಿಗೆ ಗ್ರಂಥಾಲಯವೆಂಬ ಹೆಸರು ಸಲ್ಲುತ್ತದೆಯೆ ಎಂಬ ಪ್ರಶ್ನೆ ಉಳಿಯಿತು.

ಎರಡನೆಯದು ನಮಗೆ ನೇರವಾಗಿ ಸಂಬಂಧಿಸಿದ್ದು. 2002ರಲ್ಲಿ ಭಾರತದ ತಲಾದಾಯವು ಉಚಿತದ ಗೆರೆಗಿಂತ ಬಹಳ ಕೆಳಗಿತ್ತು. ಆದರೂ ಭಾರತ ಹಿನಾರಿಯ ಪಟ್ಟಿಯಲ್ಲಿ ಇರಲಿಲ್ಲ. ಪ್ರಕಾಶಕರಿಗೆ ಇಲ್ಲಿ ಆಗಲೇ ಒಳ್ಳೆಯ ವ್ಯಾಪಾರವಿತ್ತು. ಬೆಂಗಳೂರಿನ, ದೆಹಲಿಯ ದೊಡ್ಡ ಸಂಸ್ಥೆಗಳು ಚಂದಾ ತೆರಬಲ್ಲವಾದ್ದರಿಂದ ಬೀದರಿನ, ಬಸ್ತರಿನ ಆಸ್ಪತ್ರೆಗಳೂ ತೆರಬಲ್ಲವೆಂಬ ತರ್ಕ ಇದು. ಇಡೀ ದೇಶವನ್ನೇ ಒಂದು ಗಿರಾಕಿಯೆಂದು ಎಣಿಸಿದರೆ ಆಗುವುದು ಹೀಗೆ.

ಹೊರಗಿನವರು ಬಿಟ್ಟುದನ್ನು ಒಳಗಿನವರು ತುಂಬಿದರೆ? ಈ ದಿಕ್ಕಿನಲ್ಲಿ ಕರ್ಣಾಟಕವು ಮುಂದೆ ಇತ್ತೆಂಬುದು ಹೆಮ್ಮೆಯ ವಿಷಯ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು 2003ರಲ್ಲಿ ಹೆಲಿನೆಟ್ ಎಂಬ ಒಕ್ಕೂಟವನ್ನು ಕಟ್ಟಿ, ತನಗೆ ಸೇರಿದ ಕಾಲೇಜುಗಳಿಗೆಲ್ಲ ಒಟ್ಟಾಗಿ ಪತ್ರಿಕೆಗಳನ್ನು ಕೊಂಡಿತು. ಒಬ್ಬೊಬ್ಬರಾಗಿ ಕೊಳ್ಳಲಾಗದ್ದನ್ನು ಕೂಡಿ ಕೊಳ್ಳಬಹುದೆಂಬುದು ಇದರಿಂದ ಸಿದ್ಧವಾಯಿತು. ಆದರೆ ಇಲ್ಲಿಯೂ ಎಣಿಕೆಗೆ ಬಂದದ್ದು ಕಾಲೇಜು. ಬಳ್ಳಾರಿಯ ವೈದ್ಯಕಾಲೇಜಿನೊಳಗೆ ಇದ್ದ ವಾಚಕನು ಸಂಡೂರಿನ ತಾಲ್ಲೂಕು ಆಸ್ಪತ್ರೆಗೆ ಬಂದೊಡನೆ ವಾಚಕನಾಗಿ ಉಳಿಯುವುದಿಲ್ಲ. ಇಂತಹ ಗ್ರಂಥಾಲಯಗಳು ಬಹುಮಟ್ಟಿಗೆ ಗುರುತಿಸುವುದು ಮನುಷ್ಯನ ಮುಖವನ್ನಲ್ಲ, ಅವನು ಕುಳಿತಿರುವ ಕಟ್ಟಡದ ಗಣಕಯಂತ್ರಗಳ ವಿಳಾಸಸಂಖ್ಯೆಯನ್ನು.

ಇದರ ಪರಿಣಾಮವನ್ನು ಸ್ಪಷ್ಟಪಡಿಸಲು ಒಂದು ಸಂದರ್ಭ ಸಾಕು. ವೈದ್ಯಶಿಕ್ಷಣ ಮುಗಿಸಿದವರು ಒಂದು ವರ್ಷ ಗ್ರಾಮಸೇವೆ ಮಾಡಬೇಕೆಂದು ಕರ್ಣಾಟಕವು 2012ರಲ್ಲಿ ಕಾಯಿದೆ ಮಾಡಿತು. ಉದ್ದೇಶ ಶ್ಲಾಘ್ಯವಾದುದು, ಅದರ ಸಾಧಕ ಬಾಧಕಗಳು ಪ್ರಕೃತ ನಮ್ಮ ವಿಷಯವಲ್ಲ. ಆದರೆ ಹಾಗೆ ಹೋದ ತರುಣ ವೈದ್ಯನ ಸ್ಥಿತಿಯನ್ನು ಊಹಿಸಿಕೊಳ್ಳಿ. ನಿನ್ನೆಯವರೆಗೆ ಅವನ ಮುಂದೆ ಪ್ರಾಧ್ಯಾಪಕರಿದ್ದರು, ಸಹೋದ್ಯೋಗಿಗಳಿದ್ದರು, ಪರೀಕ್ಷಾಲಯವಿತ್ತು, ಸಾವಿರಾರು ಪತ್ರಿಕೆಗಳಿದ್ದವು. ಇಂದು ಇವುಗಳಲ್ಲಿ ಮೊದಲ ಮೂರು ಇಲ್ಲ. ಕೇಳಲು ಯಾರೂ ಇಲ್ಲದ ಈ ಗಳಿಗೆಯಲ್ಲಿಯೇ, ಹೊತ್ತು ತರಲು ಏನೂ ವೆಚ್ಚವಿಲ್ಲದ ನಾಲ್ಕನೆಯದನ್ನೂ ಅವನಿಂದ ಕಿತ್ತುಕೊಳ್ಳಲಾಗುತ್ತದೆ. ಗ್ರಂಥದ ಅಗತ್ಯ ಹೆಚ್ಚಿದಂತೆಲ್ಲ ಗ್ರಂಥದ ಲಭ್ಯತೆ ಕುಗ್ಗಬೇಕೆಂದು ಬೇಕೆಂದೇ ನಿಯಮ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಮಾಡುವುದು ಕಷ್ಟವಾಗುತ್ತಿತ್ತು.

ಈಗ 'ಒಂದು ರಾಷ್ಟ್ರ ಒಂದು ಚಂದಾ' ಎಂಬ ಯೋಜನೆಯ ವಿಷಯ. 2020ರ ಕೊನೆಯಲ್ಲಿ ಕೇಂದ್ರ ಸರ್ಕಾರವು ಸಾರ್ವಜನಿಕರ ಮುಂದಿಟ್ಟ ವಿಜ್ಞಾನ ನೀತಿಯ ಕರಡಿನಲ್ಲಿ, ದೇಶದಲ್ಲಿರುವ ಪ್ರತಿಯೊಬ್ಬನಿಗೂ ವಿದ್ವತ್ಪತ್ರಿಕೆಗಳು ದೊರೆಯುವಂತೆ ಪ್ರಕಾಶಕರೊಡನೆ ಒಂದೇ ಒಪ್ಪಂದ ಮಾಡಿಕೊಳ್ಳುವ ಆಶಯವಿತ್ತು. ಪ್ರತಿಯೊಬ್ಬನಿಗೂ ಎಂಬ ಆ ಮಾತು ನಮ್ಮ ಕಿವಿಗೆ ರಂಗನಾಥನ್ ಅವರ ಎರಡನೆಯ ಸೂತ್ರದಂತೆಯೇ ಕೇಳಿಸಿತು. ಸಚಿವ ಸಂಪುಟವು 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟ ರೂಪವೇ ಬೇರೆ. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6300ಕ್ಕೂ ಹೆಚ್ಚು ಸಂಸ್ಥೆಗಳು. ಈ ಸಂಸ್ಥೆಗಳೆಂದರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳು ಮತ್ತು ಕೇಂದ್ರದ ಸಂಶೋಧನ ಸಂಸ್ಥೆಗಳು. ತಾಲ್ಲೂಕು ಆಸ್ಪತ್ರೆ ಶಿಕ್ಷಣ ಸಂಸ್ಥೆಯಲ್ಲ. ಸಮುದಾಯ ಆರೋಗ್ಯ ಕೇಂದ್ರ ಸಂಶೋಧನ ಸಂಸ್ಥೆಯಲ್ಲ. ಹಳ್ಳಿಯಲ್ಲಿ ಸೇವೆ ಮಾಡುತ್ತಿರುವ ಧರ್ಮಾಸ್ಪತ್ರೆಗಳು ಸರ್ಕಾರದವೇ ಅಲ್ಲ. ಇಷ್ಟು ದೊಡ್ಡ ಕಾರ್ಯವನ್ನು ಕೀಳುಗಳೆಯುವುದು ನಮ್ಮ ಉದ್ದೇಶವಲ್ಲ. ಇದುವರೆಗೆ ಪತ್ರಿಕೆಗಳ ಮುಖವನ್ನೇ ಕಾಣದಿದ್ದ ಸರ್ಕಾರಿ ಕಾಲೇಜುಗಳಿಗೆ ಇದು ಮಳೆ ಬಂದಂತಾಗಿದೆ. ಆದರೆ ದೇಶದ ಹಣದಿಂದ ದೇಶದ ಹೆಸರಿನಲ್ಲಿ ಕೊಂಡ ವೈದ್ಯಗ್ರಂಥಗಳನ್ನು, ಅದೇ ದೇಶದ ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಕಾರದ ಸಂಬಳಕ್ಕೆ ರೋಗಿಯನ್ನು ನೋಡುತ್ತಿರುವವನು ಓದುವಂತಿಲ್ಲ ಎಂಬುದು ಹೇಗೆ ಸಮಂಜಸವಾದೀತು?

ಇಲ್ಲಿ ಪೂರ್ವಪಕ್ಷವೊಂದು ಬರುವುದು ಸಹಜ. ದಿನಕ್ಕೆ ನೂರಾರು ರೋಗಿಗಳನ್ನು ನೋಡುವ ವೈದ್ಯನಿಗೆ ಹದಿಮೂರು ಸಾವಿರ ಪತ್ರಿಕೆಗಳಿಂದ ಏನಾಗಬೇಕು? ಅವನಿಗೆ ಬೇಕಾದದ್ದು ಓದಲ್ಲ, ಉತ್ತರ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು 2019ರಿಂದ ಪ್ರಕಟಿಸುತ್ತ ಬಂದಿರುವ ಚಿಕಿತ್ಸಾಕ್ರಮದ ಪಟಗಳು ಉಚಿತವಾಗಿ ದೊರೆಯುತ್ತವೆ. ಅದೇ ವರ್ಷ ಆರಂಭವಾದ ಇ-ಸಂಜೀವನಿಯ ಮೂಲಕ ತಜ್ಞರನ್ನು ಕೇಳಬಹುದು. 2002ರಷ್ಟು ಹಿಂದೆಯೇ ಚಾಮರಾಜನಗರ ಮತ್ತು ಸರಗೂರಿನ ಆಸ್ಪತ್ರೆಗಳು ಉಪಗ್ರಹದ ಮೂಲಕ ಬೆಂಗಳೂರಿನ ಹೃದ್ರೋಗತಜ್ಞರೊಡನೆ ಮಾತನಾಡುತ್ತಿದ್ದವು. ವಾಚಕನ ಕಾಲವನ್ನು ಉಳಿಸುವುದೂ ಗ್ರಂಥಾಲಯದ ಧರ್ಮವೆಂದು ರಂಗನಾಥನ್ ಅವರೇ ನಾಲ್ಕನೆಯ ಸೂತ್ರದಲ್ಲಿ ವಿಧಿಸಿರುವಾಗ ಈ ವಾದವನ್ನು ತಳ್ಳಿಹಾಕುವಂತಿಲ್ಲ. ಹತ್ತರಲ್ಲಿ ಒಂಬತ್ತು ಸಂದರ್ಭಗಳಿಗೆ ಪಟವೇ ಸಾಕೆಂದು ನಾವೂ ಒಪ್ಪುತ್ತೇವೆ. ಉಳಿದ ಒಂದರ ಮಾತೇನು? ಪಟವನ್ನು ಬರೆದವರು ಎಲ್ಲ ಊರುಗಳಿಗೂ ಸಾಮಾನ್ಯವಾದುದನ್ನು ಬರೆಯುತ್ತಾರೆ. ದೂರದ ತಜ್ಞನು ತಾನು ಕಂಡ ರೋಗಗಳನ್ನು ಬಲ್ಲ. ಆ ಊರಿಗೇ ವಿಶಿಷ್ಟವಾದ ರೋಗವನ್ನು ಅವನು ಕಂಡಿರುವುದಿಲ್ಲ.

ಈ ಮಾತಿಗೆ ಸಾಕ್ಷಿ ನಮ್ಮ ಮಲೆನಾಡಿನಲ್ಲಿಯೇ ಇದೆ. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಅಲ್ಲಿಗೆ ಬರುವ ಮೊದಲು, ಕಾಡಿನಲ್ಲಿ ಮಂಗಗಳು ಸಾಯುತ್ತಿರುವುದನ್ನೂ ಊರಿನಲ್ಲಿ ಜ್ವರ ಹರಡುತ್ತಿರುವುದನ್ನೂ ಕಂಡವರು ಆ ಸೀಮೆಯ ಜನರೇ. ಕಾಯಿಲೆ ಆಮೇಲೆ ಕ್ಯಾಸನೂರಿನ ಮೇರೆಯನ್ನು ದಾಟಿತು. 2012-13ರಲ್ಲಿ ಬಂಡೀಪುರದ ಕಡೆ ಕಾಣಿಸಿಕೊಂಡಿತು, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನರನ್ನು ಬಲಿ ತೆಗೆದುಕೊಂಡಿತು. ಪ್ರತಿಸಲವೂ ಅದನ್ನು ಮೊದಲು ಎದುರಿಸಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರ. ಸಾಮಾನ್ಯ ಜ್ವರವೆಂದು ಕಳುಹಿಸಬಹುದಾದ ರೋಗಿಯಲ್ಲಿ ಬೇರೇನನ್ನೋ ಶಂಕಿಸಬೇಕಾದವನು ಅಲ್ಲಿಯ ವೈದ್ಯ. ಹಾಗೆ ಶಂಕಿಸಬೇಕಾದರೆ ಆ ರೋಗದ ಆರು ದಶಕಗಳ ಬರಹವನ್ನು ಅವನು ಸ್ವತಃ ತಿರುವಿಹಾಕಬಲ್ಲವನಾಗಿರಬೇಕು. ಪಟವನ್ನು ಪಾಲಿಸುವವನು ಪಟದಲ್ಲಿಲ್ಲದ್ದನ್ನು ಕಾಣಲಾರ. ಹಳ್ಳಿಯ ಆಸ್ಪತ್ರೆಯನ್ನು ಜ್ಞಾನವನ್ನು ಬರಿದೆ ಬಳಸುವ ಸ್ಥಳವೆಂದು ಭಾವಿಸಿರುವುದೇ ಈ ಪೂರ್ವಪಕ್ಷದ ಮೂಲದೋಷ; ಪ್ರಶ್ನೆಗಳು ಹುಟ್ಟುವ ಸ್ಥಳವೂ ಅದೇ.

ಭಾಷೆಯ ಪ್ರಶ್ನೆಯನ್ನು ನಾವು ವಿಸ್ತರಿಸುವುದಿಲ್ಲ. ಅದಕ್ಕೆ ಬೇರೊಂದು ಲೇಖನವೇ ಬೇಕು. ಇಲ್ಲಿ ಹೇಳಿದ ಭಂಡಾರಗಳೆಲ್ಲ ಬಹುಪಾಲು ಇಂಗ್ಲಿಷಿನವು. ಮನೆಯ ಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆಗೆ ಅವು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಮೆಕ್ಸಿಕೋದ ಬೆಟ್ಟದ ಹಳ್ಳಿಗಳಿಗಾಗಿ ಡೇವಿಡ್ ವರ್ನರ್ ಮೊದಲು ಸ್ಪ್ಯಾನಿಷಿನಲ್ಲಿಯೇ ಬರೆದ, ವೈದ್ಯರಿಲ್ಲದ ಊರಿನವರ ಕೈಪಿಡಿಯು ಹತ್ತಾರು ಭಾಷೆಗಳಿಗೆ ಹೋದದ್ದು ವಾಚಕನನ್ನು ಮುಂದಿಟ್ಟುಕೊಂಡು ಹೊರಟದ್ದರಿಂದ. ಕನ್ನಡದ ವೈದ್ಯಸಾಹಿತ್ಯಕ್ಕೂ ಡಿಜಿಟಲ್ ಭಂಡಾರವೊಂದು ಬೇಕೆಂಬುದನ್ನು ಸೂಚಿಸಿ ಇಷ್ಟಕ್ಕೆ ಬಿಡುತ್ತೇವೆ.

ಸಂಸ್ಥೆಯನ್ನು ಬಿಟ್ಟು ಮನುಷ್ಯನನ್ನೇ ಎಣಿಸುವುದು ಕಾರ್ಯಸಾಧ್ಯವಲ್ಲ, ಪ್ರಕಾಶಕರು ಒಪ್ಪುವುದಿಲ್ಲ ಎಂದು ಹೇಳುವವರಿಗೆ ನಾವು 2007ನೆಯ ವರ್ಷವನ್ನು ನೆನಪಿಸಬಯಸುತ್ತೇವೆ. ಚಿಕಿತ್ಸೆಗಳ ಫಲಾಫಲಗಳನ್ನು ತೂಗಿ ನೋಡುವ ಕಾಕ್ರೇನ್ ಗ್ರಂಥಾಲಯಕ್ಕೆ ಆ ವರ್ಷ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು ಇಡೀ ದೇಶದ ಪರವಾಗಿ ಚಂದಾ ತೆತ್ತಿತು. ಭಾರತದೊಳಗೆ ಅಂತರಜಾಲದ ಸಂಪರ್ಕವುಳ್ಳ ಯಾರೇ ಆಗಲಿ, ವೈದ್ಯನಾಗಲಿ ದಾದಿಯಾಗಲಿ ರೋಗಿಯ ಮಗನಾಗಲಿ, ಅದನ್ನು ಪೂರ್ಣವಾಗಿ ಓದಬಹುದಾಗಿತ್ತು. ಯಾವ ಕಾಲೇಜಿನವನೆಂದು ಯಾರೂ ಕೇಳಲಿಲ್ಲ. ಮನ್ನಾರ್‌ಗುಡಿಯ ಗಾಡಿಗೆ ನಮ್ಮ ಕಾಲದಲ್ಲಿ ನೇರವಾದ ವಾರಸುದಾರನೆಂದರೆ ಇದೇ. ಎಲ್ಲ ಪತ್ರಿಕೆಗಳನ್ನೂ ಎಲ್ಲರಿಗೂ ಹೀಗೆ ತೆರೆಯುವುದು ದುಬಾರಿಯೆಂದು ಕಂಡರೆ ಅದಕ್ಕಿಂತ ಸಣ್ಣ ದಾರಿಯೂ ಇದೆ. ಚಿಕಿತ್ಸೆ ಮಾಡುವ ಪ್ರತಿಯೊಬ್ಬ ವೈದ್ಯನಿಗೂ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯೊಂದು ಇದ್ದೇ ಇರುತ್ತದೆ; ಶುಶ್ರೂಷಕಿಯರಿಗೂ ಹಾಗೆಯೇ. ಊರು ಬದಲಾದರೂ ಆಸ್ಪತ್ರೆ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಅದನ್ನೇ ಗ್ರಂಥಾಲಯದ ಚೀಟಿಯನ್ನಾಗಿ ಮಾಡಬಹುದು. ಈಗಿನ ಒಪ್ಪಂದದ ಅವಧಿ 2027ಕ್ಕೆ ಮುಗಿಯತಕ್ಕದ್ದು. ಅದರ ಮುಂದಿನ ಕರಡನ್ನು ಸಿದ್ಧಪಡಿಸುವವರು, ಓದುವ ಹಕ್ಕುಳ್ಳವರು ಯಾರೆಂಬುದನ್ನು ನಿರೂಪಿಸುವ ವಾಕ್ಯದಲ್ಲಿ, ಸಂಸ್ಥೆಗಳ ಹೆಸರುಗಳ ಪಕ್ಕದಲ್ಲಿ ಈ ನೋಂದಣಿ ಸಂಖ್ಯೆಗೂ ಒಂದು ಎಡೆ ಮಾಡಿಕೊಡಬೇಕೆಂದು ನಾವು ಕೇಳುತ್ತೇವೆ.